ಬೆಸ ಕಡ್ಡಿಯ ಲೆಕ್ಕ ಜೇಡಕ್ಕಿಲ್ಲ

ಕಸೂತಿ ತರಗತಿಯಲ್ಲಿ ‘ಸ್ಪೈಡರ್ ವೆಬ್ ರೋಸ್’ ಹೇಳಿಕೊಡುವಾಗ ಮೊದಲು ಬರುವ ಎಚ್ಚರಿಕೆ ಒಂದೇ: ಕಡ್ಡಿಗಳು ಐದಿರಲಿ, ಏಳಿರಲಿ, ಬೆಸ ಸಂಖ್ಯೆಯಲ್ಲಿರಲಿ. ನಡುವಿನಿಂದ ಹೊರಕ್ಕೆ ಐದು ಉದ್ದ ಎಳೆ, ಅಂದರೆ ಕಡ್ಡಿ, ಹಾಕಿ, ಸೂಜಿಯನ್ನು ಒಂದರ ಮೇಲೆ, ಮುಂದಿನದರ ಕೆಳಗೆ ಹಾಯಿಸುತ್ತ ಸುತ್ತಿದರೆ ಗುಲಾಬಿ ಏಳುತ್ತದೆ. ಕಡ್ಡಿ ಆರಾದರೆ ಎರಡನೇ ಸುತ್ತಿನಲ್ಲೂ ಸೂಜಿ ಅವೇ ಮೂರು ಕಡ್ಡಿಗಳ ಮೇಲೆ ಹೋಗುತ್ತದೆ, ಮೇಲೆ ಕೆಳಗೆ ಅದಲುಬದಲಾಗುವುದಿಲ್ಲ, ಹೆಣಿಗೆ ಕೂಡುವುದಿಲ್ಲ. ಕೈಕೆಲಸದ ಮಟ್ಟಿಗೆ ಇದು ಸರಿ. ಆದರೆ ಬೇಲಿಯ ಮೇಲಿರುವ ನಿಜವಾದ ಬಲೆಯ ಮುಂದೆ ಕೂತು ಎಣಿಸಿದವರಿಗೆ ಒಂದರಲ್ಲಿ 27 ಕಡ್ಡಿ ಸಿಗಬಹುದು, ಪಕ್ಕದ್ದರಲ್ಲಿ 30. ಎರಡೂ ಬಲೆ ಸಮನಾಗಿಯೇ ನೊಣ ಹಿಡಿಯುತ್ತವೆ.

ಸಮ-ಬೆಸದ ಹಂಗು ಜೇಡಕ್ಕೆ ಯಾಕಿಲ್ಲ ಅಂದರೆ ಅದು ನೇಯುವುದೇ ಇಲ್ಲ. ಒಂದು ಎಳೆಯ ಕೆಳಗೆ ಇನ್ನೊಂದನ್ನು ತೂರಿಸುವ ಕೆಲಸ ಚಕ್ರದಂಥ ಬಲೆಯ ಯಾವ ಮೂಲೆಯಲ್ಲೂ ನಡೆಯುವುದಿಲ್ಲ. ಹಾಸಿಲ್ಲ, ಹೊಕ್ಕಿಲ್ಲ, ಕುಣಿಕೆಯಿಲ್ಲ, ಗಂಟೂ ಇಲ್ಲ. ಮಗ್ಗದವರು, ಕ್ರೋಶಾದವರು, ಕಸೂತಿಯವರು ಎಲ್ಲರೂ ಜೇಡವನ್ನು ತಂತಮ್ಮ ಕುಲಕ್ಕೆ ಸೇರಿಸಿಕೊಂಡು ಹೆಮ್ಮೆಪಡುತ್ತೇವೆ. ಪರಾಗ್ವೆಯ ಇತೌಗುವಾ ಊರಿನಲ್ಲಿ ಹಾಕುವ ನ್ಯಾಂದುತಿ ಎಂಬ ಲೇಸ್ ಅಂತೂ ಜೇಡರಬಲೆಯ ಹೆಸರನ್ನೇ ಹೊತ್ತಿದೆ. ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಸುತ್ತಲೂ ಎಳೆ ಹರಡಿ, ಸೂಜಿಯಿಂದ ಅವುಗಳ ನಡುವೆ ಹೆಣೆದು, ಗಂಟು ಹಾಕಿ, ಕೊನೆಗೆ ಹಿಂದಿನ ಬಟ್ಟೆ ಕತ್ತರಿಸಿ ತೆಗೆಯುತ್ತಾರೆ. ನೋಡಲು ಬಲೆಯೇ, ಮಾಡಿದ ಬಗೆ ಮಾತ್ರ ಪೂರ್ತಿ ಮನುಷ್ಯರದು. ಜೇಡದಿಂದ ದಾರದ ಕೆಲಸದವರು ಕಲಿಯುವಂಥದ್ದು ಬಲೆಯ ಆಕಾರದಲ್ಲಿ ಕಡಿಮೆ. ಯಾವುದರ ನಂತರ ಯಾವುದು, ಎಲ್ಲಿ ಬಿಗಿ, ಎಲ್ಲಿ ಸಡಿಲ, ಯಾವುದನ್ನು ಹಾಕಿ ತೆಗೆಯಬೇಕು ಅನ್ನುವುದರಲ್ಲಿ ಹೆಚ್ಚು.

ಗಂಟಿಲ್ಲದ ಜೋಡಣೆ

ಗಂಟು ಹಾಕಲು ದಾರದ ತುದಿ ಕೈಗೆ ಸಿಗಬೇಕು. ಜೇಡದ ಎಳೆಯ ಒಂದು ತುದಿ ಸದಾ ಅದರ ಹೊಟ್ಟೆಯೊಳಗೇ ಇರುತ್ತದೆ. ಹಾಗಾಗಿ ಅದಕ್ಕೆ ಉಳಿದಿರುವ ದಾರಿ ಅಂಟಿಸುವುದು. ಹೊಟ್ಟೆಯ ಹಿಂತುದಿಯಲ್ಲಿ ನೂಲು ಹೊರಬರುವ ಅಂಗಗಳು ಸಾಮಾನ್ಯವಾಗಿ ಮೂರು ಜೋಡಿ. ಒಂದೊಂದರ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ನಳಿಕೆಗಳು. ಒಳಗೆ, ಚಕ್ರಬಲೆ ಹಾಕುವ ಜೇಡಗಳಲ್ಲಿ, ಏಳು ಬಗೆಯ ಗ್ರಂಥಿಗಳಿವೆ. ಚೌಕಟ್ಟು ಮತ್ತು ಕಡ್ಡಿಗೆ ಒಂದು ನೂಲು, ಹಿಡಿಯುವ ಸುರುಳಿಗೆ ಒಂದು, ಅದರ ಮೇಲಿನ ಅಂಟಿಗೆ ಬೇರೆ, ಸಿಕ್ಕ ಹುಳುವನ್ನು ಸುತ್ತಲು ಬೇರೆ, ಮೊಟ್ಟೆಯ ಚೀಲಕ್ಕೆ ಬೇರೆ. ಬರೀ ಜೋಡಣೆಗೆಂದೇ ಮೀಸಲಾದದ್ದೂ ಒಂದಿದೆ: ಬಲು ತೆಳು ಎಳೆಗಳನ್ನು ಬೇಗ ಗಟ್ಟಿಯಾಗುವ ಅಂಟಿನ ಸಮೇತ ಅತ್ತಿತ್ತ ಉಜ್ಜಿ, ದಪ್ಪ ಎಳೆಯನ್ನು ಗೋಡೆಗೋ ಎಲೆಗೋ ಇನ್ನೊಂದು ಎಳೆಗೋ ಕೂರಿಸುವ ನೂಲು. ಗೋಡೆಯ ಮೂಲೆಯಿಂದ ಬಲೆ ಗುಡಿಸಿದ ಮೇಲೂ ಸುಣ್ಣದ ಮೇಲೆ ಅಲ್ಲಲ್ಲಿ ಬಿಳಿ ಚುಕ್ಕೆ ಉಳಿದಿರುತ್ತದಲ್ಲ, ಅದೇ ಇದು. ಎಳೆ ಕಿತ್ತು ಬಂದರೂ ಬುಡ ಬರುವುದಿಲ್ಲ.

ಇನ್ನೊಂದು ವಿಷಯ: ನೂಲು ಹೊಟ್ಟೆಯಿಂದ ತಾನಾಗಿ ಚಿಮ್ಮುವುದಿಲ್ಲ, ಅದನ್ನು ಎಳೆಯಬೇಕು. ಜೇಡ ಒಂದು ಕಡೆ ಅಂಟಿಸಿ ನಡೆದುಹೋಗುತ್ತದೆ, ಇಲ್ಲವೇ ಜಿಗಿದು ತೂಗಾಡುತ್ತದೆ, ಇಲ್ಲವೇ ಹಿಂಗಾಲಿನಿಂದ ಸೆಳೆಯುತ್ತದೆ. ಒಳಗಿನ ದ್ರವ ನಳಿಕೆಯಲ್ಲಿ ಸಾಗುವಾಗ ಅಲ್ಲಿನ ಆಮ್ಲತೆಯ ಬದಲಾವಣೆ ಮತ್ತು ಈ ಎಳೆತ ಎರಡೂ ಸೇರಿಯೇ ಅದನ್ನು ಗಟ್ಟಿ ನಾರಾಗಿಸುವುದು. ಎಷ್ಟು ಬೇಗ ಎಳೆಯಿತು ಅನ್ನುವುದರ ಮೇಲೆ ನೂಲಿನ ಗುಣವೂ ಬದಲಾಗುತ್ತದೆ. 1973ರಲ್ಲಿ ಸ್ಕೈಲ್ಯಾಬ್ ಬಾಹ್ಯಾಕಾಶ ನಿಲ್ದಾಣಕ್ಕೆ ಅರಬೆಲ್ಲಾ, ಅನಿಟಾ ಎಂಬ ಎರಡು ಜೇಡಗಳನ್ನು ಒಯ್ದಿದ್ದರು. ಒಬ್ಬ ಶಾಲಾ ಹುಡುಗಿ ಸೂಚಿಸಿದ ಪ್ರಯೋಗ ಅದು. ತೂಕವಿಲ್ಲದ ಕಡೆ ಕೆಳಕ್ಕೆ ಜಿಗಿಯುವುದೆಂಬುದೇ ಇಲ್ಲ. ಮೊದಲ ಬಲೆ ಅಸ್ತವ್ಯಸ್ತವಾಯಿತು. ಕೆಲವು ದಿನಗಳಲ್ಲಿ ಅರಬೆಲ್ಲಾ ಹೊಂದಿಕೊಂಡು ಹೆಚ್ಚುಕಮ್ಮಿ ಭೂಮಿಯ ಮೇಲಿನಂಥದ್ದೇ ಬಲೆ ಹಾಕಿತು, ಆದರೆ ಎಳೆ ತೆಳುವಾಗಿ, ಒಂದೇ ದಪ್ಪವಿಲ್ಲದೆ ಬಂತು. ರಾಟೆಯಲ್ಲಿ ನೂಲುವವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಎಳೆತ ಏರುಪೇರಾದರೆ ನೂಲೂ ಏರುಪೇರು.

ಕಚ್ಚಾ ಸುರುಳಿ

ಬಲೆ ಹಾಕುವುದನ್ನು ನೋಡಬೇಕೆಂದರೆ ಮಳೆಗಾಲ ಇಳಿಯುವ ಹೊತ್ತಿನ ಸಂಜೆ ಒಳ್ಳೆಯದು. ಮಲೆನಾಡಿನ ಮನೆಗಳ ಜಗುಲಿಯಲ್ಲಿ ದೀಪ ಹಚ್ಚಿದ ಮೇಲೆ, ಕಂಬಕ್ಕೂ ಹೂಕುಂಡಕ್ಕೂ ನಡುವೆ ನಿಯೋಸ್ಕೋನಾ ಕುಲದ ಕಂದು ಜೇಡವೊಂದು ಕೆಲಸ ಶುರುಮಾಡುತ್ತದೆ. ಹಗಲೆಲ್ಲ ಎಲೆಯ ಮರೆಯಲ್ಲಿ ಮುದುಡಿ ಕೂತಿರುತ್ತದೆ, ಕತ್ತಲಾಗುತ್ತಲೇ ಇಳಿಯುತ್ತದೆ. ಟಾರ್ಚನ್ನು ಎದುರಿನಿಂದ ಬಿಟ್ಟರೆ ಏನೂ ಕಾಣದು. ಪಕ್ಕದಿಂದ, ಬಲೆಯ ಮೈಗೆ ತಾಗಿದ ಹಾಗೆ ಬಿಡಬೇಕು. ಹಿಂದೆ ಕಪ್ಪು ಚಾರ್ಟ್ ಹಾಳೆ ಹಿಡಿದರೆ ಇನ್ನೂ ಚೆನ್ನ.

ಮೊದಲು ಗಾಳಿಗೆ ಒಂದು ಎಳೆ ತೇಲಿಬಿಡುತ್ತದೆ. ಅದು ಎದುರಿನ ಕಂಬಕ್ಕೆ ಸಿಕ್ಕಿಕೊಂಡಿತೆಂದು ತಿಳಿದಾಗ ಈ ಕಡೆ ಬಿಗಿದು ಅದರ ಮೇಲೆ ನಡೆಯುತ್ತದೆ. ದಾಟುವಾಗ ಹಳೆಯ ಎಳೆಯನ್ನು ಕತ್ತರಿಸುತ್ತ, ಹಿಂದಿನಿಂದ ಹೊಸದನ್ನು ಬಿಡುತ್ತ ಹೋಗುತ್ತದೆ. ಆ ಹೊಸ ಎಳೆ ಬೇಕೆಂದೇ ಸಡಿಲ. ಅದರ ನಡುಮಧ್ಯಕ್ಕೆ ಬಂದು ಅಲ್ಲಿಂದ ಕೆಳಕ್ಕೆ ಜಿಗಿದರೆ ಸಡಿಲವೆಲ್ಲ ಕೆಳಗೆ ಸೆಳೆದು ಇಂಗ್ಲಿಷಿನ ವೈ ಅಕ್ಷರದ ಆಕಾರ ಬರುತ್ತದೆ. ಮೂರು ಎಳೆ ಕೂಡಿದ ಆ ಜಾಗವೇ ಮುಂದೆ ಬಲೆಯ ನಡು. ಆಮೇಲೆ ಹೊರಚೌಕಟ್ಟು, ಉಳಿದ ಕಡ್ಡಿಗಳು. ಒಂದು ಕಡ್ಡಿ ಹಾಕಲು ಈಗಾಗಲೇ ಇರುವ ಕಡ್ಡಿಯ ಮೇಲೆ ಹೊರಕ್ಕೆ ಹೋಗಿ, ಚೌಕಟ್ಟಿನ ಮೇಲೆ ತುಸು ಪಕ್ಕಕ್ಕೆ ಸರಿದು, ಎಳೆ ಅಂಟಿಸಿ, ಹೊಸ ಎಳೆಯ ಮೇಲೇ ನಡುವಿಗೆ ಮರಳುತ್ತದೆ. ಗಮನಿಸಬೇಕಾದದ್ದು ಇಲ್ಲಿದೆ: ಕಡ್ಡಿಗಳನ್ನು ಸಾಲಾಗಿ ಒಂದರ ಪಕ್ಕ ಒಂದು ಹಾಕುವುದಿಲ್ಲ. ಬಲಕ್ಕೊಂದು ಹಾಕಿದರೆ ಮುಂದಿನದು ಎಡಕ್ಕೆ, ಮೇಲೊಂದಾದರೆ ಕೆಳಗೊಂದು. ಒಂದೇ ಬದಿಯ ಕಡ್ಡಿಗಳನ್ನೆಲ್ಲ ಮೊದಲು ಬಿಗಿದರೆ ನಡುವೇ ಆ ಬದಿಗೆ ಜಾರುತ್ತದೆ. ಕಸೂತಿಯ ರಿಂಗಿಗೆ ಬಟ್ಟೆ ಬಿಗಿಯುವವರೂ ಎದುರುಬದುರಾಗಿಯೇ ಎಳೆಯುತ್ತಾರೆ.

ಕಡ್ಡಿ ಮುಗಿದ ಮೇಲೆ ನಡುವಿನಿಂದ ಹೊರಕ್ಕೆ ನಾಲ್ಕಾರು ಸುತ್ತಿನ ಒಂದು ಅಗಲ ಸುರುಳಿ ಬೀಳುತ್ತದೆ. ಇದರಲ್ಲಿ ಅಂಟಿಲ್ಲ. ಮೊದಲ ಸಲ ನೋಡುವವರು ಇದೇ ಬಲೆ ಅಂದುಕೊಂಡು, ಇಷ್ಟು ಅಗಲದ ಕಂಡಿಯಲ್ಲಿ ನೊಣ ಹೇಗೆ ಸಿಗುತ್ತದೆ ಎಂದು ಎದ್ದುಹೋಗುತ್ತಾರೆ. ಇದು ದರ್ಜಿಯ ಕಚ್ಚಾ ಹೊಲಿಗೆ. ಕಡ್ಡಿಗಳನ್ನು ಅದರದರ ಅಂತರದಲ್ಲಿ ಹಿಡಿದಿಡುವುದು, ಹೊರ ಅಂಚಿನಲ್ಲಿ ದೂರದೂರವಾಗುವ ಕಡ್ಡಿಗಳ ನಡುವೆ ಓಡಾಡಲು ದಾರಿಯಾಗುವುದು, ಇವೆರಡೇ ಅದರ ಕೆಲಸ. ನಿಜವಾದ ಅಂಟುಸುರುಳಿ ಹೊರ ಅಂಚಿನಿಂದ ಒಳಕ್ಕೆ ಬರುತ್ತದೆ. ಜೇಡ ಹಿಂಗಾಲಿನಿಂದ ಅಂಟುನೂಲು ಸೆಳೆದು, ಮುಂಗಾಲಿನಿಂದ ಹಿಂದಿನ ಸುತ್ತನ್ನು ತಡವಿ ಅಂತರ ಅಳೆದು, ಕಡ್ಡಿಗೆ ಒತ್ತಿ ಮುಂದೆ ಸರಿಯುತ್ತದೆ. ಕಚ್ಚಾ ಸುರುಳಿ ಎದುರಾದಾಗ ಅಷ್ಟನ್ನು ಕತ್ತರಿಸಿ ತೆಗೆಯುತ್ತದೆ. ಕಾಲೇ ಅಳತೆಕೋಲಾದ್ದರಿಂದ ಮರಿಜೇಡದ ಬಲೆಯ ಕಂಡಿ ಸಣ್ಣದು. ಚೌಕಟ್ಟು ಗುಂಡಗಿಲ್ಲದ ಕಡೆ ಪೂರ್ತಿ ಸುತ್ತುವ ಬದಲು ತಿರುಗಿ ಬಂದು ಮೂಲೆ ತುಂಬಿಸುತ್ತದೆ. ಮೂವತ್ತು ಕಡ್ಡಿ, ಮೂವತ್ತು ಸುತ್ತು ಅಂದರೆ ಒಂಬೈನೂರು ಜೋಡಣೆ. ಇಡೀ ಬಲೆ ಮುಗಿಯಲು ಅರ್ಧ ಗಂಟೆಯಿಂದ ಒಂದು ಗಂಟೆ.

ಬಲೆಯ ನಡು ಸರಿಯಾಗಿ ಮಧ್ಯದಲ್ಲಿರುವುದಿಲ್ಲ, ತುಸು ಮೇಲಕ್ಕಿರುತ್ತದೆ. ಕೆಳಕ್ಕೆ ಓಡುವುದು ಮೇಲೇರುವುದಕ್ಕಿಂತ ಬೇಗ. ಆದ್ದರಿಂದ ಹಿಡಿಯುವ ಜಾಗ ಕೆಳಗೆ ಹೆಚ್ಚಿದ್ದರೆ ಲಾಭ. ಚಿತ್ರಗಳಲ್ಲಿ, ರಂಗೋಲಿಯಲ್ಲಿ ಬಲೆಯನ್ನು ಅಚ್ಚುಕಟ್ಟು ವೃತ್ತವಾಗಿ ಬಿಡಿಸಿ, ಸುರುಳಿಯ ತುಂಡುಗಳನ್ನೆಲ್ಲ ನಡುವಿನ ಕಡೆಗೆ ಬಾಗಿಸುವ ರೂಢಿ ಯಾರು ಶುರುಮಾಡಿದರೋ. ನಿಜದ ಬಲೆಯಲ್ಲಿ ಎರಡು ಕಡ್ಡಿಗಳ ನಡುವಿನ ತುಂಡು ಹೆಚ್ಚುಕಮ್ಮಿ ನೇರವಾಗಿರುತ್ತದೆ. ಇಬ್ಬನಿ ಕೂತು ಭಾರವಾದರೆ ಬಾಗುತ್ತದೆ ನಿಜ, ಆದರೆ ನೆಲದ ಕಡೆಗೆ.

ಇಷ್ಟೆಲ್ಲ ಮಾಡಿದ್ದನ್ನು ಈ ಜೇಡ ಬೆಳಗಾಗುವ ಮುಂಚೆ ಮಡಚಿ ತಿಂದುಬಿಡುತ್ತದೆ. ನೂಲು ಪ್ರೋಟೀನು, ಅದರ ಹೆಚ್ಚಿನ ಪಾಲು ಮುಂದಿನ ಬಲೆಗೆ ಮತ್ತೆ ನೂಲಾಗಿ ಬರುತ್ತದೆ. ಎಲ್ಲ ಜೇಡಗಳೂ ಹೀಗಲ್ಲ. ಕೊಡಗು, ಆಗುಂಬೆಯ ಕಡೆ ಗಿಡಮರಗಳ ನಡುವೆ ಮೀಟರಿಗೂ ಅಗಲದ ಬಲೆ ಕಟ್ಟುವ ನೆಫಿಲಾ ಪಿಲಿಪೆಸ್ ಎಂಬ ದೊಡ್ಡ ಜೇಡ ಬಲೆಯನ್ನು ದಿನಾ ಕಳಚುವುದಿಲ್ಲ, ಹಾಳಾದ ಭಾಗವನ್ನಷ್ಟೇ ಹೊಸದಾಗಿ ಹಾಕುತ್ತದೆ. ಅದು ಕಚ್ಚಾ ಸುರುಳಿಯನ್ನೂ ತೆಗೆಯದೆ ಹಾಗೇ ಬಿಡುತ್ತದೆ. ಬಿಸಿಲಿಗೆ ಹೊಂಬಣ್ಣ ಹೊಳೆಯುವ ಆ ಬಲೆಯನ್ನು ಹತ್ತಿರದಿಂದ ನೋಡಿದರೆ ಒತ್ತೊತ್ತಾದ ಸುತ್ತುಗಳ ನಡುವೆ ಅಲ್ಲಲ್ಲಿ ಬೇರೆ ಬಗೆಯ ಎಳೆ ಕಾಣುವುದು ಇದೇ ಕಾರಣಕ್ಕೆ.

ಎರಡು ನೂಲು, ಎರಡು ಸ್ವಭಾವ

ಜೇಡರ ನೂಲು ಉಕ್ಕಿಗಿಂತ ಗಟ್ಟಿ ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ತೂಕಕ್ಕೆ ತೂಕ ಹಿಡಿದರೆ ಸುಳ್ಳಲ್ಲ, ಆದರೆ ದಾರದ ಕೆಲಸದವರಿಗೆ ಅದರಿಂದ ಉಪಯೋಗ ಕಡಿಮೆ. ಉಪಯೋಗದ ವಿಷಯ ಬೇರೆ: ಬಲೆಯಲ್ಲಿ ಎರಡು ಸ್ವಭಾವದ ನೂಲುಗಳಿವೆ. ಯುರೋಪಿನ ತೋಟಗಳ ಅರೇನಿಯಸ್ ಜೇಡದ ಮೇಲೆ ಮಾಡಿದ ಅಳತೆಗಳ ಪ್ರಕಾರ ಚೌಕಟ್ಟಿನ ನೂಲು ತುಂಡಾಗುವ ಮುಂಚೆ ತನ್ನ ಉದ್ದದ ಸುಮಾರು ಶೇಕಡಾ 27ರಷ್ಟು ಹಿಗ್ಗುತ್ತದೆ. ಅಂಟುಸುರುಳಿಯ ನೂಲು ಶೇಕಡಾ 270ರಷ್ಟು, ಅಂದರೆ ಒಂದು ಸೆಂಟಿಮೀಟರ್ ಎಳೆ ಮೂರೂಮುಕ್ಕಾಲು ಸೆಂಟಿಮೀಟರಿನ ಹತ್ತಿರ ಬರುತ್ತದೆ. ಆಕಾರ ಹಿಡಿದಿಡಲು ಒಂದು, ಹೊಡೆತ ನುಂಗಲು ಇನ್ನೊಂದು. ಹಾಗೆ ನುಂಗಿದ ಹೊಡೆತವನ್ನು ವಾಪಸ್ ಕೊಡುವುದೂ ಇಲ್ಲ: ಚೌಕಟ್ಟಿನ ನೂಲಿನಲ್ಲಿಯೇ ಹಾಕಿದ ಶಕ್ತಿಯ ಸುಮಾರು ಮೂರನೇ ಎರಡು ಪಾಲು ಶಾಖವಾಗಿ ಹೋಗುತ್ತದೆ. ಹಾಗಾಗಿ ರಭಸದಿಂದ ಬಂದ ಹುಳು ಪುಟಿದು ಹೊರಗೆ ಬೀಳುವುದಿಲ್ಲ.

ಅಂಟು ಸುರುಳಿಯ ಉದ್ದಕ್ಕೂ ಸಮನಾಗಿ ಬಳಿದುಕೊಂಡಿರುವುದಿಲ್ಲ. ಹಾಕುವಾಗ ಸಮವಾಗಿಯೇ ಬರುವ ಲೇಪ ಕ್ಷಣದಲ್ಲಿ ಒಡೆದು ಮಣಿಮಣಿಯಾಗಿ ನಿಲ್ಲುತ್ತದೆ. ಆ ಹನಿಗಳು ಗಾಳಿಯ ತೇವ ಹೀರಿ ಒದ್ದೆಯಾಗಿಯೇ ಇರುತ್ತವೆ. ಎರಡು ಕಡ್ಡಿಗಳು ಹತ್ತಿರ ಬಂದು ನಡುವಿನ ಎಳೆ ಸಡಿಲವಾದರೆ, ಹೆಚ್ಚಾದ ಉದ್ದ ಹನಿಯೊಳಗೆ ತಾನೇ ಸುತ್ತಿಕೊಳ್ಳುತ್ತದೆ. ದೂರ ಸರಿದರೆ ಬಿಚ್ಚಿಕೊಳ್ಳುತ್ತದೆ. ಗಾಳಿಗೆ ಬಲೆ ಎಷ್ಟು ಓಲಾಡಿದರೂ ಸುರುಳಿ ಜೋತುಬೀಳದೆ, ಒಂದಕ್ಕೊಂದು ಅಂಟಿಕೊಳ್ಳದೆ ಇರುವುದು ಇದರಿಂದ. ಚೌಕಟ್ಟಿನ ನೂಲಿಗೂ ನೀರಿನ ಜೊತೆ ಬೇರೊಂದು ನಂಟಿದೆ: ಎರಡೂ ತುದಿ ಬಿಟ್ಟು ಒದ್ದೆ ಮಾಡಿದರೆ ಅದು ಅರ್ಧದಷ್ಟು ಉದ್ದಕ್ಕೂ ಕುಗ್ಗಬಲ್ಲದು. ಬಲೆಯಲ್ಲಿ ತುದಿಗಳು ಬಿಗಿದಿರುವುದರಿಂದ ಕುಗ್ಗಲಾರದೆ ಬಿಗಿಯುತ್ತದೆ.

ಅಂಟೇ ಇಲ್ಲದ ಬಲೆಗಳೂ ಉಂಟು. ಯುಲೋಬೊರಸ್ ಜೇಡ ಹಿಂಗಾಲಿನ ಕೂದಲ ಬಾಚಣಿಗೆಯಿಂದ ನೂಲನ್ನು ಬಾಚಿ ಉಣ್ಣೆಯ ಹಾಗೆ ಕೆದರುತ್ತದೆ. ಆ ನವಿರಿನಲ್ಲೇ ಹುಳುವಿನ ಕಾಲು ಸಿಕ್ಕಿಕೊಳ್ಳುತ್ತದೆ. ಕತ್ತಾಳೆ ಬೇಲಿಯಲ್ಲಿ ಗುಡಾರದಂಥ ಬಲೆ ಕಟ್ಟುವ ಸಿರ್ಟೊಫೋರಾ, ಹುಲ್ಲಿನ ಮೇಲೆ ಹಾಳೆ ಹಾಸಿ ಕೊಳವೆಯೊಳಗೆ ಕೂರುವ ಹಿಪ್ಪಾಸಾ, ಇವುಗಳದ್ದೂ ಒಣ ನೂಲೇ. ಅಡುಗೆಮನೆಯ ಮೂಲೆಯಲ್ಲಿ ಮಸಿ ಸೇರಿ ಇಲ್ಲಣವಾಗುವ ಗೋಜಲು ಬಲೆಯದ್ದು ಇನ್ನೊಂದು ಕಥೆ. ಅದನ್ನು ಹಬ್ಬದ ಮುಂಚೆ ಗುಡಿಸುವುದರಲ್ಲಿ ತಪ್ಪೇನಿಲ್ಲ.

ನೂಲನ್ನಷ್ಟೇ ಬೇಡಿದವರು

ಮನುಷ್ಯರು ಮಾತ್ರ ಬಲೆಯ ಜಾಣ್ಮೆ ಬಿಟ್ಟು ನೂಲಿಗೇ ಆಸೆಪಟ್ಟರು. 1709ರಲ್ಲಿ ಫ್ರಾನ್ಸಿನ ಮೊಂಪೆಲಿಯೆಯ ಬೋನ್ ದ ಸೇಂಟ್ ಇಲೇರ್ ಜೇಡದ ಮೊಟ್ಟೆಚೀಲಗಳ ನೂಲಿನಿಂದ ಕಾಲುಚೀಲ, ಕೈಗವಸು ಮಾಡಿಸಿ ತೋರಿಸಿದ. ಅದು ಬಲೆಯ ನೂಲಲ್ಲ. ಚೀಲಗಳನ್ನು ತೊಳೆದು, ಕುದಿಸಿ, ಬಾಚಿ ಹಿಂಜಿ ನೂತದ್ದು. ಪರಿಶೀಲಿಸಲು ನೇಮಕವಾದ ವಿಜ್ಞಾನಿ ರೆಯೊಮ್ಯೂರ್, ಇದು ಉದ್ಯಮವಾಗದು ಎಂದು ವರದಿ ಕೊಟ್ಟ. ಜೇಡಗಳನ್ನು ಒಟ್ಟಿಗೆ ಕೂಡಿದರೆ ಒಂದನ್ನೊಂದು ತಿನ್ನುತ್ತವೆ, ಬೇರೆಬೇರೆ ಸಾಕಿದರೆ ಖರ್ಚಿಗೆ ಕೊನೆಯಿಲ್ಲ.

ರಾಮನಗರದಲ್ಲೋ ಶಿಡ್ಲಘಟ್ಟದಲ್ಲೋ ನೂಲು ಬಿಚ್ಚಾಣಿಕೆ ನೋಡಿದವರಿಗೆ ವ್ಯತ್ಯಾಸ ತಟ್ಟನೆ ತಿಳಿಯುತ್ತದೆ. ರೇಷ್ಮೆ ಹುಳು ತನ್ನ ನೂಲನ್ನು ತಾನೇ ಸುತ್ತಿಟ್ಟಿರುತ್ತದೆ: ಒಳ್ಳೆಯ ದ್ವಿತಳಿ ಗೂಡಿನಲ್ಲಿ ಒಂದೇ ಎಳೆ ಸುಮಾರು ಒಂದು ಕಿಲೋಮೀಟರ್. ಗೂಡು ಬೇಯಿಸಿ, ತುದಿ ಹುಡುಕಿ, ಎಂಟು ಹತ್ತು ಗೂಡಿನ ಎಳೆ ಕೂಡಿಸಿದರೆ 20-22 ಡೆನಿಯರ್ (ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ನೂಲು ಸಿದ್ಧ. ಜೇಡ ಸುತ್ತಿಡುವುದಿಲ್ಲ, ಬೇಕಾದಾಗ ಬೇಕಾದಷ್ಟೇ ಎಳೆಯುತ್ತದೆ. ಅದರ ಚೌಕಟ್ಟಿನ ಎಳೆ ನಾಲ್ಕು ಮೈಕ್ರಾನ್ ದಪ್ಪವೆಂದು ಹಿಡಿದರೆ 0.15 ಡೆನಿಯರ್ ಆಸುಪಾಸು. 21 ಡೆನಿಯರ್ ಆಗಲು ನೂರನಲವತ್ತು ಎಳೆ ಕೂಡಿಸಬೇಕು.

ಅಷ್ಟಾದರೂ ಮಡಗಾಸ್ಕರಿನಲ್ಲಿ ಅದನ್ನು ಮಾಡಿದರು. ಸೈಮನ್ ಪಿಯರ್ಸ್ ಮತ್ತು ನಿಕೋಲಸ್ ಗಾಡ್ಲಿ ಎಂಬಿಬ್ಬರು, ಹಿಂದೆ ಪಾದ್ರಿ ಕಾಂಬೂಯೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ನಡೆಸಿದ ಪ್ರಯತ್ನದ ಜಾಡು ಹಿಡಿದು, ಕೈಯಿಂದ ತಿರುಗಿಸುವ ಯಂತ್ರ ಮಾಡಿಸಿದರು. ಅದರಲ್ಲಿ ಒಂದು ಸಲಕ್ಕೆ 24 ಹೆಣ್ಣುಜೇಡ. ಪ್ರತಿಯೊಂದನ್ನೂ ನೋಯದಂತೆ ಬಂಧಿಸಿ, ನೂಲಿನ ತುದಿ ಹಿಡಿದು ಸೆಳೆದು, ಆಮೇಲೆ ಹೊರಗೆ ಬಿಟ್ಟರು. ಅಂಥ 24 ಎಳೆಗಳ ನೂಲನ್ನು ನಾಲ್ಕು ಕೂಡಿಸಿ ಹುರಿ ಮಾಡಿದರೆ 96 ಎಳೆಯ ಒಂದು ದಾರ. ಹತ್ತು ಲಕ್ಷಕ್ಕೂ ಹೆಚ್ಚು ಜೇಡಗಳಿಂದ ನೇಯ್ದ ಬಟ್ಟೆ 2009ರಲ್ಲಿ ನ್ಯೂಯಾರ್ಕಿನ ಪ್ರಕೃತಿ ಇತಿಹಾಸ ಸಂಗ್ರಹಾಲಯದಲ್ಲಿ, ಹನ್ನೆರಡು ಲಕ್ಷ ಜೇಡಗಳ ನೂಲಿನ ಕಸೂತಿ ಮೇಲುಡುಗೆ 2012ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿ ಪ್ರದರ್ಶನಕ್ಕೆ ಬಂದವು. ಬಣ್ಣ ಹಾಕಿಲ್ಲ, ಚಿನ್ನದ ಬಣ್ಣ ನೂಲಿನದ್ದೇ. ಮೆಚ್ಚದೆ ಇರಲಾಗದು. ಆದರೆ ಅದರಲ್ಲಿ ಮೆಚ್ಚುವಂಥದ್ದೆಲ್ಲ ನೇಕಾರರ ಕಸುಬು. ಹಿಗ್ಗುವುದು, ನುಂಗುವುದು, ಸಡಿಲ ಸುತ್ತಿಕೊಳ್ಳುವುದು ಎಂಬ ಜೇಡದ ಕಸುಬಿಗೆ ಮಗ್ಗದಲ್ಲಿ ಕೆಲಸವೇ ಸಿಗಲಿಲ್ಲ.

ಚೌಕಟ್ಟಿನಲ್ಲಿ ಮಾಡಿ ನೋಡುವುದಾದರೆ

ಒಳಗಿನ ಅಳತೆ 30 ಸೆಂಟಿಮೀಟರ್ ಇರುವ ಹಳೆಯ ಫೋಟೋ ಫ್ರೇಮ್ ಸಾಕು. 20 ನಂಬರಿನ ಕ್ರೋಶಾ ದಾರ ಐದಾರು ಮೀಟರ್, ಬೇರೆ ಬಣ್ಣದ ಹೊಲಿಗೆ ದಾರ ಎರಡು ಮೀಟರ್, ಮಣಿ ಪೋಣಿಸುವ ಅರ್ಧ ಮಿಲಿಮೀಟರಿನ ಎಲಾಸ್ಟಿಕ್ ಏಳು ಮೀಟರ್, ಬಟ್ಟೆಗೆ ಹಾಕುವ ಅಂಟು. ಮೇಲಿನ ಎರಡು ಮೂಲೆಗೆ ದಾರವನ್ನು ಸಡಿಲವಾಗಿ ಕಟ್ಟಿ, ಅದರ ಮಧ್ಯಕ್ಕೆ ಇನ್ನೊಂದು ದಾರ ಕಟ್ಟಿ ಕೆಳಗಿನ ಪಟ್ಟಿಗೆ ಎಳೆದು ಬಿಗಿಯಿರಿ. ಕೂಡಿದ ಜಾಗ ಚೌಕಟ್ಟಿನ ಮಧ್ಯಕ್ಕಿಂತ ಎರಡು ಸೆಂಟಿಮೀಟರ್ ಮೇಲಿರಲಿ. ಉಳಿದ 13 ಕಡ್ಡಿಗಳನ್ನು ಎದುರುಬದುರಾಗಿ ಹಾಕಿ, ಒಟ್ಟು 16 ಮಾಡಿ. ಹೊಲಿಗೆ ದಾರದಲ್ಲಿ ನಾಲ್ಕು ಸುತ್ತಿನ ಕಚ್ಚಾ ಸುರುಳಿ, ಒಳಗಿಂದ ಹೊರಕ್ಕೆ. ಆಮೇಲೆ ಎಲಾಸ್ಟಿಕ್, ಹೊರಗಿಂದ ಒಳಕ್ಕೆ ಹನ್ನೆರಡು ಸುತ್ತು, ಎದುರಾದ ಕಚ್ಚಾ ಎಳೆಯನ್ನು ಕತ್ತರಿಸುತ್ತ. 192 ಕಡೆ ಅಂಟು ಮುಟ್ಟಿಸಬೇಕು. ಕಡ್ಡಿಕಡ್ಡಿಗೂ ಅಂಟು ಹಿಡಿಯುವವರೆಗೆ ಕಾಯಬೇಕಾದ್ದರಿಂದ ಇದು ಒಂದು ಕೂತಿನಲ್ಲಿ ಮುಗಿಯುವ ಕೆಲಸವಲ್ಲ. ಬಟ್ಟೆ ಒಣಹಾಕುವ ಸಣ್ಣ ಕ್ಲಿಪ್ಪುಗಳು ಕೈಗೆ ಸಿಗುವಂತಿರಲಿ.

ಅಂಟಿನ ಬದಲು ಗಂಟು ಹಾಕಿದರೆ ಒಂದೊಂದು ಗಂಟೂ ತುಸು ಉದ್ದ ನುಂಗುತ್ತದೆ, ಹನ್ನೆರಡು ಸುತ್ತಾಗುವಷ್ಟರಲ್ಲಿ ಕಡ್ಡಿಗಳು ಸೊಟ್ಟಗಾಗಿರುತ್ತವೆ. ಕಚ್ಚಾ ಸುರುಳಿ ಯಾಕೆಂದು ಬಿಟ್ಟರೆ ಎಲಾಸ್ಟಿಕ್ ಎಳೆದಾಗ ಎರಡೆರಡು ಕಡ್ಡಿ ಜೊತೆಯಾಗಿ, ಮುಂದಿನ ಜೋಡಿಯಿಂದ ದೂರವಾಗುತ್ತವೆ. ಎಲಾಸ್ಟಿಕ್ಕನ್ನು ಬಿಗಿಯಾಗಿ ಹಿಡಿದು ಅಂಟಿಸಿದರೆ ಕಡ್ಡಿಗಳೇ ಒಳಕ್ಕೆ ಬಾಗುತ್ತವೆ. ಜೋಲದಷ್ಟು ಎಳೆದರೆ ಸಾಕು. ಎಲ್ಲ ಸರಿಯಾದರೂ ಹುಣಸೆ ಬೀಜ ಎಸೆದು ನೋಡಿದರೆ ಪುಟಿದು ವಾಪಸ್ ಬರುತ್ತದೆ. ಅಂಗಡಿಯ ಎಲಾಸ್ಟಿಕ್ ತೆಗೆದುಕೊಂಡ ಶಕ್ತಿಯ ಬಹುಪಾಲನ್ನು ತಿರುಗಿ ಕೊಡುತ್ತದೆ, ಅದಕ್ಕೆ ನಮ್ಮಲ್ಲಿ ಪರಿಹಾರವಿಲ್ಲ.

ಕೊನೆಗೆ ಒಂದು ಪರೀಕ್ಷೆ: ಪಕ್ಕದ ಒಂದು ಕಡ್ಡಿಯನ್ನು ಕತ್ತರಿಸಿ. ಬಿಗಿ ಎಲ್ಲ ಕಡೆ ಹಂಚಿಕೊಂಡಿದ್ದರೆ ಅದರ ಆಚೀಚೆಯ ಎರಡು ಮನೆಗಳಷ್ಟೇ ಜೋಲುತ್ತವೆ, ಉಳಿದದ್ದು ಇದ್ದಲ್ಲೇ ಇರುತ್ತದೆ. ನಡು ಕಣ್ಣಿಗೆ ಕಾಣುವಷ್ಟು ಎದುರು ಬದಿಗೆ ಜಾರಿದರೆ ಕಡ್ಡಿಗಳನ್ನು ಬಿಗಿದ ಕ್ರಮದಲ್ಲಿ ತಪ್ಪಾಗಿದೆ. ಆಗ ಎಲಾಸ್ಟಿಕ್ ಬಿಚ್ಚಿಟ್ಟುಕೊಂಡು, ಕಡ್ಡಿಗಳಿಂದ ಮತ್ತೆ ಶುರುಮಾಡಬೇಕು.